ಹನ್ನೆರಡನೆಯ ಬಾಟಲಿ

ಚಾಮರಾಜಪೇಟೆ, ಬೆಂಗಳೂರು
14 ಜುಲೈ 2025

ಬೈರಣ್ಣನವರಿಗೆ ತನ್ಮಯಿಯ ನಮಸ್ಕಾರ.

ಜನವರಿಯಲ್ಲಿ ನಿಮ್ಮ ಬೀಳ್ಕೊಡುಗೆಯ ದಿನ ಕಾಗದ ಬರೆಯುತ್ತೇನೆ ಎಂದಿದ್ದೆ. ಆರು ತಿಂಗಳು ತಡವಾಯಿತು. ಮೊನ್ನೆ ಫೋನ್ ಮಾಡಿದಾಗ ನಿಮ್ಮ ಮಗಳು ಯಶೋಧರಾ ಎತ್ತಿಕೊಂಡು, ಅಪ್ಪನಿಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಮೆಸೇಜು ನೋಡುವುದಿಲ್ಲ, ಕಾಗದವಾದರೆ ಎರಡು ಸಲ ಓದುತ್ತಾರೆ ಎಂದು ಕೊಳ್ಳೇಗಾಲದ ವಿಳಾಸ ಕೊಟ್ಟರು. ಲಕೋಟೆ ಕೊಳ್ಳಲು ಅಂಚೆ ಕಚೇರಿಗೆ ಹೋದರೆ ಕೌಂಟರಿನವರು, "ಏನಮ್ಮ, ಕೆಲಸಕ್ಕೆ ಅರ್ಜೀನಾ?" ಎಂದರು.

ಮಾರ್ಚ್‌ನಲ್ಲಿ ನಮ್ಮ ಲ್ಯಾಬು ಹಿಂಭಾಗದ ಹೊಸ ಕಟ್ಟಡಕ್ಕೆ ಹೋಯಿತು. ನೀವು ಮೂವತ್ತೆಂಟು ವರ್ಷ ನಿಂತಿದ್ದ ಕಲ್ಲಿನ ಸಿಂಕು ಹಳೆಯ ಕಟ್ಟಡದಲ್ಲೇ ಉಳಿಯಿತು. ಇಲ್ಲಿ ಎಲ್ಲ ಸ್ಟೀಲು, ನೀರು ಮಾತ್ರ ದಾರದ ಹಾಗೆ ಬರುತ್ತದೆ. ನಿಮ್ಮ ಜಾಗಕ್ಕೆ ಮುನಿಯಕ್ಕ ಎಂಬವರು ಗುತ್ತಿಗೆಯ ಮೇಲೆ ಬಂದಿದ್ದಾರೆ. ಮೊದಲು ಉಪ್ಪಾರಪೇಟೆಯ ಒಂದು ಲಾಡ್ಜಿನಲ್ಲಿ ಹನ್ನೆರಡು ವರ್ಷ ಇದ್ದರಂತೆ. ಸೋಪಿನ ಪುಡಿಯನ್ನು ಕೈತುಂಬ ಹಾಕಿ ಉಜ್ಜುತ್ತಾರೆ. ಗಾಜು ಎಷ್ಟು ಹೊಳೆಯುತ್ತದೆ ಎಂದರೆ ನಮ್ಮ ಗೈಡ್ ಮಹಾನಂದ ಮೇಡಂ ಮೀಟಿಂಗಿನಲ್ಲಿ ಹೊಗಳಿದರು.

ನನ್ನ ಬಾಟಲಿಗಳು ನೆನಪಿವೆಯೇ? ದೀಪದ ಮುಂದೆ ಸಾಲಾಗಿ ಇಡುತ್ತಿದ್ದೆನಲ್ಲ, ನೀವು ಬೀಟ್‌ರೂಟ್ ಸಾರು ಎನ್ನುತ್ತಿದ್ದಿರಿ. ಅವು ಹನ್ನೆರಡು ಇದ್ದವು. ಸ್ಥಳಾಂತರದಲ್ಲಿ ಒಂದು ಒಡೆದುಹೋಗಿರಬೇಕು, ಹನ್ನೊಂದು ಸಿಕ್ಕಿವೆ. ಬಾಟಲಿಗಳ ಕತ್ತಿಗೆ ನೀವು ಕಟ್ಟಿದ್ದ ಕೆಂಪು ದಾರವನ್ನು ಮುನಿಯಕ್ಕ ಕೊಳೆ ಹಿಡಿಯುತ್ತದೆ ಎಂದು ಬಿಚ್ಚಿಹಾಕಿದರು.

ಒಂದು ಸಣ್ಣ ವಿಷಯ ಕೇಳಬೇಕಿತ್ತು. ಪಿಎಚ್.ಡಿ. ಪ್ರಬಂಧದಲ್ಲಿ ವಿಧಾನದ ಅಧ್ಯಾಯ ಬರೆಯುತ್ತಿದ್ದೇನೆ. ಗಾಜು ತೊಳೆದ ಕ್ರಮವನ್ನೂ ಅದರಲ್ಲಿ ಹೇಳಬೇಕು. ನೀವು ನನ್ನ ಬಾಟಲಿಗಳನ್ನು ಹೇಗೆ ತೊಳೆಯುತ್ತಿದ್ದಿರಿ ಎಂದು ನಾಲ್ಕು ಸಾಲು ಬರೆದರೆ ಸಾಕು. ಅವಸರವೇನೂ ಇಲ್ಲ.

ಶಕುಂತಲಮ್ಮನವರಿಗೆ ನಮಸ್ಕಾರ ತಿಳಿಸಿ.

ತನ್ಮಯಿ

*

ಕೊಳ್ಳೇಗಾಲ
20 ಜುಲೈ 2025

ತನ್ಮಯಿ ಮೇಡಂ ಅವರಿಗೆ ಬೈರಯ್ಯನ ವಂದನೆಗಳು.

ನಿಮ್ಮ ಕಾಗದ ಶುಕ್ರವಾರ ತಲುಪಿತು. ಯಶೋಧರಾ ಹೇಳಿದ್ದು ಸರಿ, ಎರಡು ಸಲ ಓದಿದೆ. ಮೂರನೇ ಸಲ ಶಕುಂತಲಾಗೆ ಓದಿ ಹೇಳಿದೆ. ನಾವು ಮೂವರೂ ಮಗುವೂ ಆರೋಗ್ಯ. ಯಶೋಧರಾ ಶಾಲೆಗೆ ಹೋದ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳುವುದೇ ನಮ್ಮ ಡ್ಯೂಟಿ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಮಾವಳ್ಳಿಯ ಮನೆಯೂ ಲಾಲ್‌ಬಾಗಿನ ಗೇಟೂ ನೆನಪಾಗುತ್ತವೆ. ಇಲ್ಲಿ ರೇಷ್ಮೆ ಸೀರೆ ಅಂಗಡಿಗಳ ಮುಂದೆ ಎರಡು ಸುತ್ತು ಹಾಕಿ ಬರುತ್ತೇನೆ.

ಬೀಟ್‌ರೂಟ್ ಸಾರು ಮರೆಯುವುದುಂಟೇ. ಒಂದು ಮಧ್ಯಾಹ್ನ ನೀವು ನನಗೆ ಅದನ್ನು ವಿವರಿಸಿದ್ದಿರಿ. ಅವು ಬೆಳಕು ತಿಂದು ಬದುಕುವ ಬ್ಯಾಕ್ಟೀರಿಯಾ. ಅವುಗಳ ಮೈಸುತ್ತಲಿನ ಪೊರೆ ಕೊಬ್ಬಿನಿಂದ ಆದದ್ದು, ಆ ಕೊಬ್ಬಿನ ತಲೆಯಲ್ಲಿ ಫಾಸ್ಫೇಟ್ ಇರುತ್ತದೆ. ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದರೆ ಅವು ಸುಮ್ಮನೆ ಸಾಯುವುದಿಲ್ಲ. ಪೊರೆಯ ಕೊಬ್ಬನ್ನೇ ಬದಲಾಯಿಸಿ, ಫಾಸ್ಫೇಟ್ ಬೇಡದ ಬೇರೆ ಕೊಬ್ಬನ್ನು ತುಂಬಿಕೊಂಡು, ಇದ್ದ ಫಾಸ್ಫೇಟನ್ನು ಅದಿಲ್ಲದೆ ಆಗದ ಕೆಲಸಕ್ಕೆ ಎತ್ತಿಡುತ್ತವೆ. ನಾನು ಆಗ, ಮನೆಯಲ್ಲಿ ಹಾಲು ಕಮ್ಮಿ ಇದ್ದಾಗ ಮಗುವಿಗೆ ಎತ್ತಿಟ್ಟು ದೊಡ್ಡವರು ಕರಿ ಕಾಫಿ ಕುಡಿಯುವ ಹಾಗೆ ಎಂದಿದ್ದೆ. ನೀವು ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಿ.

ಗಾಜು ತೊಳೆದ ಕ್ರಮ: ಸ್ಟೋರಿನಿಂದ ಕೊಟ್ಟ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜುವುದು, ನಲ್ಲಿ ನೀರಿನಲ್ಲಿ ಮೂರು ಸಲ, ಡಿಸ್ಟಿಲ್ಡ್ ನೀರಿನಲ್ಲಿ ಒಂದು ಸಲ, ನಂತರ ಓವನ್ನಿನಲ್ಲಿ ಒಣಗಿಸುವುದು. ಎಲ್ಲ ಆದೇಶದ ಪ್ರಕಾರ. ದಾರ ಬರೀ ಗುರುತಿಗೆ ಕಟ್ಟಿದ್ದು. ಬಾಟಲಿ ನೀವು ಹೇಳಿದಂತೆ ಒಡೆದಿರಬಹುದು.

ಇಂತಿ,
ಬೈರಯ್ಯ

*

ಚಾಮರಾಜಪೇಟೆ
28 ಜುಲೈ 2025

ಬೈರಣ್ಣ, ನಮಸ್ಕಾರ.

ಕ್ರಮ ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್. ಮುನಿಯಕ್ಕ ಮಾಡುವುದೂ ಅದನ್ನೇ. ಹಾಗಾಗಿ ಗಾಜಿನ ವಿಷಯವನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಎರಡು ವಾರದಲ್ಲಿ ದೀಪ ಬದಲಾಯಿಸಿದ್ದೇನೆ, ಹೊಸ ಉಪ್ಪು ತರಿಸಿದ್ದೇನೆ, ಬ್ಯಾಕ್ಟೀರಿಯಾವನ್ನೂ ಫ್ರೀಜರಿನ ಹಳೆಯ ದಾಸ್ತಾನಿನಿಂದ ಮತ್ತೆ ಎಬ್ಬಿಸಿದ್ದೇನೆ.

ಇನ್ನೊಂದೇ ಪ್ರಶ್ನೆ. ಹೋದ ನವೆಂಬರಿನಲ್ಲಿ ನನ್ನ ಬಾಟಲಿಗಳನ್ನು ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಮುಟ್ಟುತ್ತಿದ್ದರೇ? ಅವಕ್ಕೆ ಏನಾದರೂ ಹಾಕಿದ್ದು, ಬೆರೆಸಿದ್ದು ಉಂಟೇ? ಸರಿಯಾಗಿ ನೆನಪು ಮಾಡಿಕೊಂಡು ಬರೆಯಿರಿ. ಮಹಾನಂದ ಮೇಡಂ ಕೂಡ ಕೇಳುತ್ತಿದ್ದಾರೆ.

ಬೇರೆ ಎಲ್ಲ ಚೆನ್ನಾಗಿದೆ. ಲಾಲ್‌ಬಾಗಿನಲ್ಲಿ ಹೂವಿನ ಪ್ರದರ್ಶನಕ್ಕೆ ಚಪ್ಪರ ಏಳುತ್ತಿದೆ.

ತನ್ಮಯಿ

*

ಕೊಳ್ಳೇಗಾಲ
2 ಆಗಸ್ಟ್ 2025

ಮಾನ್ಯರೇ,

ತಮ್ಮ ಪತ್ರ ತಲುಪಿದೆ.

ನಾನು ಮೂವತ್ತೆಂಟು ವರ್ಷ ಸೇವೆ ಮಾಡಿದವನು. ಯಾರ ಬಾಟಲಿಗೂ ಏನನ್ನೂ ಬೆರೆಸಿದವನಲ್ಲ. ಒಂದು ಟೆಸ್ಟ್ ಟ್ಯೂಬು ಕೂಡ ನನ್ನ ಕೈಯಿಂದ ಹೊರಗೆ ಹೋಗಿಲ್ಲ. ಡೈರೆಕ್ಟರ್ ಕಚೇರಿಯಲ್ಲಿರುವ ನನ್ನ ಸೇವಾ ಪುಸ್ತಕ ನೋಡಬಹುದು. ಒಂದು ಕೆಂಪು ಗೆರೆ ಇಲ್ಲ. ನಿವೃತ್ತನಾದ ಮೇಲೆ ಇಂಥ ಪ್ರಶ್ನೆಗೆ ಉತ್ತರ ಬರೆಯುತ್ತೇನೆ ಎಂದುಕೊಂಡಿರಲಿಲ್ಲ. ತೊಳೆದ ಕ್ರಮವನ್ನು ಹಿಂದಿನ ಪತ್ರದಲ್ಲಿ ತಿಳಿಸಿದ್ದೇನೆ. ಹೆಚ್ಚಿಗೆ ಹೇಳುವುದು ಏನೂ ಇಲ್ಲ.

ಕೆ. ಬೈರಯ್ಯ
ನಿವೃತ್ತ ಪ್ರಯೋಗಾಲಯ ಸಹಾಯಕ

*

ಚಾಮರಾಜಪೇಟೆ
18 ಆಗಸ್ಟ್ 2025

ಬೈರಣ್ಣ,

ನಿಮ್ಮ ಕಾಗದ ಬಂದು ಹದಿಮೂರು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ನನ್ನ ಪ್ರಶ್ನೆಯನ್ನು ಈಗ ನೀವು ಓದಿದ ಹಾಗೆ ಓದಿ ನೋಡಿದೆ. ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿದ ಹಾಗಿದೆ. ತಪ್ಪು ನನ್ನದು. ನಿಮಗೆ ಹೇಳಬೇಕಾದದ್ದನ್ನು ಹೇಳದೆ ಬರೀ ಪ್ರಶ್ನೆ ಕಳಿಸಿದೆ. ವಿಧಾನದ ಅಧ್ಯಾಯ ಬರೆಯುತ್ತಿದ್ದೇನೆ ಎಂದದ್ದು ಸುಳ್ಳು. ಇರುವುದನ್ನು ಇರುವ ಹಾಗೆ ಈಗ ಬರೆಯುತ್ತೇನೆ.

ನವೆಂಬರಿನಲ್ಲಿ ನನ್ನ ಬ್ಯಾಕ್ಟೀರಿಯಾ ಫಾಸ್ಫೇಟ್ ಕಡಿಮೆ ಇರುವ ನೀರಿನಲ್ಲಿ ಕೊಬ್ಬು ಬದಲಾಯಿಸಿಕೊಂಡದ್ದು ನಿಜ. ಅವುಗಳ ಕೊಬ್ಬನ್ನು ತೆಗೆದು ಸಿಲಿಕಾ ಬಳಿದ ಪ್ಲೇಟಿನ ಮೇಲೆ ಹರಿಸಿದರೆ ಒಂದೊಂದು ಬಗೆಯ ಕೊಬ್ಬೂ ಒಂದೊಂದು ಎತ್ತರದಲ್ಲಿ ಚುಕ್ಕೆಯಾಗಿ ನಿಲ್ಲುತ್ತದೆ. ಫಾಸ್ಫೇಟ್ ಇರುವ ಚುಕ್ಕೆಗಳು ಮಾಸಿ, ಅದಿಲ್ಲದ ಎರಡು ಹೊಸ ಚುಕ್ಕೆಗಳು ದಟ್ಟವಾಗಿ ಬಂದಿದ್ದವು. ಮೂರು ಸಲ ಮಾಡಿದೆ, ಮೂರು ಸಲವೂ ಬಂತು. ಡಿಸೆಂಬರಿನಲ್ಲಿ ಮೈಸೂರಿನ ಸಮ್ಮೇಳನದಲ್ಲಿ ಅದನ್ನೇ ಹೇಳಿದೆ.

ಏಪ್ರಿಲ್‌ನಿಂದ ಅದು ಬರುತ್ತಿಲ್ಲ. ಹೊಸ ಕಟ್ಟಡದಲ್ಲಿ ಒಂಬತ್ತು ಸಲ ಮಾಡಿದ್ದೇನೆ. ಬ್ಯಾಕ್ಟೀರಿಯಾ ಸುಖವಾಗಿ ಬೆಳೆಯುತ್ತವೆ, ಹಳೆಯ ಕೊಬ್ಬನ್ನೇ ಇಟ್ಟುಕೊಂಡಿರುತ್ತವೆ. ಮೇಡಂ ನನ್ನ ಜೂನಿಯರ್ ಆತ್ರೇಯನಿಗೆ ಬೇರೆಯಾಗಿ ಮಾಡಿ ನೋಡು ಎಂದರು. ಅವನಿಗೂ ಬರಲಿಲ್ಲ. "ಅಕ್ಕ, ನೀವು ಕಂಡಿದ್ದು ನನಗೆ ಕಾಣ್ತಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ" ಎಂದ. ಅವನು ಒಳ್ಳೆಯವನು, ಅದಕ್ಕೇ ಆ ಮಾತು ಹೆಚ್ಚು ತಾಗಿತು. ಪಕ್ಕದ ಲ್ಯಾಬಿನಲ್ಲಿ ಒಬ್ಬರು, ಪ್ಲೇಟಿನ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದುವುದು ಈಗ ಐದು ನಿಮಿಷದ ಕೆಲಸ ಎಂದು ನನಗೆ ಕೇಳಿಸುವಂತೆಯೇ ಅಂದರು.

ಸೆಪ್ಟೆಂಬರ್ 22ರಂದು ನನ್ನ ಪಿಎಚ್.ಡಿ. ಕೆಲಸವನ್ನು ಪರಿಶೀಲಿಸುವ ಸಮಿತಿ ಕೂರುತ್ತದೆ. ಅಷ್ಟರೊಳಗೆ ಪ್ರಯೋಗ ಮತ್ತೆ ಆಗದಿದ್ದರೆ ಮೈಸೂರಿನಲ್ಲಿ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಾಗಿ ಮೇಡಂ ಹೇಳಿದ್ದಾರೆ. ನಾನು ನಾಲ್ಕನೇ ವರ್ಷದಲ್ಲಿ ಹೊಸ ವಿಷಯ ಹಿಡಿಯಬೇಕು. ಅದನ್ನು ಹೇಗೋ ಮಾಡಿಯೇನು. ಸುಳ್ಳು ಹೇಳಿದವಳು ಎಂಬ ಹೆಸರನ್ನು ಹೊತ್ತು ಎಲ್ಲಿಗೂ ಹೋಗಲಾರೆ. ಇದನ್ನು ಮನೆಯಲ್ಲಿ ಹೇಳಿಲ್ಲ, ನಿಮಗೇ ಮೊದಲು ಬರೆಯುತ್ತಿರುವುದು.

ನಿಮ್ಮ ಮೇಲೆ ನನಗೆ ಅನುಮಾನ ಇರಲಿಲ್ಲ. ಆ ಲ್ಯಾಬಿನಲ್ಲಿ ನವೆಂಬರಿನಲ್ಲಿ ಇದ್ದು ಈಗ ಇಲ್ಲದಿರುವುದು ಏನು ಎಂದು ಪಟ್ಟಿ ಮಾಡಿದೆ. ಕಲ್ಲಿನ ಸಿಂಕು ಮತ್ತು ನೀವು, ಎರಡೇ ಉಳಿದವು. ಅದಕ್ಕೆ ಕೇಳಿದೆ. ನೀವು ಉತ್ತರಿಸಲೇಬೇಕೆಂದಿಲ್ಲ.

ತನ್ಮಯಿ

*

ಕೊಳ್ಳೇಗಾಲ
22 ಆಗಸ್ಟ್ 2025

ತನ್ಮಯಮ್ಮ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಯಶೋಧರಾಗೆ 25ರಂದು ಬೆಂಗಳೂರಿನಲ್ಲಿ ಟ್ರೈನಿಂಗ್ ಇದೆ. ಅವಳೇ ಬಸವನಗುಡಿಯ ಲ್ಯಾಬಿಗೆ ಬಂದು ಕಾಗದವನ್ನೂ ಒಂದು ಬಟ್ಟೆಯ ಗಂಟನ್ನೂ ನಿಮ್ಮ ಕೈಗೆ ಕೊಡುತ್ತಾಳೆ. ಗಂಟನ್ನು ಹುಷಾರಾಗಿ ಬಿಚ್ಚಿ. ಒಳಗಿರುವುದರ ಬಾಯಿಗೆ ಬೆರಳು ತಾಗಿಸಬೇಡಿ.

ನಾನು ಬರೆದುಕೊಟ್ಟ ಕ್ರಮ ಸುಳ್ಳು. ಬೇರೆಲ್ಲರ ಗಾಜನ್ನು ಹಾಗೆಯೇ ತೊಳೆಯುತ್ತಿದ್ದೆ, ನಿಮ್ಮದನ್ನಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರಾಮಾನುಜ ಸರ್ ಇದ್ದರು, ನೀವು ನೋಡಿಲ್ಲ. ಅವರು ಲಾಲ್‌ಬಾಗ್ ಕೆರೆಯ ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ವರ್ಷಗಟ್ಟಲೆ ಅಳೆದವರು. "ಬೈರಯ್ಯ, ಸೋಪು ಕಂಡ ಗಾಜು ನನ್ನ ಮೇಜಿನ ಮೇಲೆ ಬರಕೂಡದು" ಎನ್ನುತ್ತಿದ್ದರು. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರುತ್ತದೆ, ಎಷ್ಟು ತೊಳೆದರೂ ಗಾಜು ಸ್ವಲ್ಪ ಹಿಡಿದುಕೊಳ್ಳುತ್ತದೆ. ಅದಕ್ಕೆ ಅವರು ಕಲಿಸಿದ ಕ್ರಮ ಬೇರೆ. ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ಡಿನ ತೊಟ್ಟಿಯಲ್ಲಿ ಒಂದು ದಿನ ಪೂರ್ತಿ ನೆನೆಸುವುದು, ನಂತರ ಡಿಸ್ಟಿಲ್ಡ್ ನೀರಿನಲ್ಲಿ ಏಳು ಸಲ ಜಾಲಿಸುವುದು. ಬ್ರಷ್ಷೂ ಇಲ್ಲ, ಪುಡಿಯೂ ಇಲ್ಲ.

ನೀವು ಸೇರಿದ ವಾರ ಬೋರ್ಡಿನ ಮೇಲೆ ದೊಡ್ಡದಾಗಿ ಫಾಸ್ಫೇಟ್ ಎಂದು ಬರೆದು ಸುತ್ತ ಒಂದು ಸೊನ್ನೆ ಹಾಕಿದಿರಿ. ಸ್ಟೋರಿನ ಪುಡಿಯ ಚೀಲದ ಹಿಂದೆ ಸಣ್ಣಕ್ಷರದಲ್ಲಿ ಅದೇ ಹೆಸರು ಇತ್ತು, ನಾನು ಓದಿದ್ದೆ. ಅಂದೇ ನಿಮ್ಮ ಹನ್ನೆರಡು ಬಾಟಲಿಗಳಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟೆ. ಬೆಳಿಗ್ಗೆ ಏಳೂವರೆಗೆ, ಯಾರೂ ಬರುವ ಮೊದಲು, ಕಲ್ಲಿನ ಸಿಂಕಿನ ಕೆಳಗಿದ್ದ ತೊಟ್ಟಿಗೆ ಹಾಕುತ್ತಿದ್ದೆ. ನಿಮಗೆ ಹೇಳಲಿಲ್ಲ. ಏಕೆಂದರೆ ಅದಕ್ಕೆ ಎರಡು ವರ್ಷ ಮೊದಲು ಒಬ್ಬ ಹುಡುಗಿಯ ಮುಂಗೈಗೆ ಆಸಿಡ್ ಸಿಡಿದು, ಸಹಾಯಕರು ಆಸಿಡ್ ಮುಟ್ಟತಕ್ಕದ್ದಲ್ಲ, ಸ್ಟೋರಿನ ಪುಡಿಯನ್ನೇ ಬಳಸತಕ್ಕದ್ದು ಎಂದು ಆದೇಶವಾಗಿತ್ತು. ಹೊರಡಿಸಿದವರು ಮಹಾನಂದ ಮೇಡಂ. ಕೆಳಗೆ ನನ್ನ ಸಹಿಯೂ ಇದೆ. ಹೊರಡುವ ವಾರ ತೊಟ್ಟಿಯನ್ನು ಖಾಲಿ ಮಾಡಿ, ತೊಳೆದು, ಮೂಲೆಗಿಟ್ಟು ಬಂದೆ. ಮುಂದೆ ಬರುವವರಿಗೆ ಏನಾದರೂ ಹೇಳಿದರೆ ನಾನು ಆದೇಶ ಮುರಿದದ್ದು ಗೊತ್ತಾಗುತ್ತದೆ ಎಂದು ಬಾಯಿ ಬಿಡಲಿಲ್ಲ.

ನಿಮ್ಮ ಎರಡನೇ ಕಾಗದದಲ್ಲಿ ಮೇಡಂ ಕೂಡ ಕೇಳುತ್ತಿದ್ದಾರೆ ಎಂಬ ಮಾತು ಕಂಡಾಗ, ತೊಟ್ಟಿ ಸಿಕ್ಕಿದೆ, ಅದಕ್ಕೇ ವಿಚಾರಣೆ ಎಂದುಕೊಂಡೆ. ಬೀಳ್ಕೊಡುಗೆಯ ದಿನ ಮೇಡಂ, ಮೂವತ್ತೆಂಟು ವರ್ಷದಲ್ಲಿ ಈ ಮನುಷ್ಯನಿಂದ ಒಂದು ತಪ್ಪಿಲ್ಲ ಎಂದು ಹೇಳಿ ಶಾಲು ಹೊದಿಸಿದರು. ಆ ಮಾತನ್ನು ಉಳಿಸಿಕೊಳ್ಳಲು ಹೋಗಿ ನಿಮ್ಮನ್ನು ಒಂದು ತಿಂಗಳು ಕತ್ತಲಲ್ಲಿ ಇಟ್ಟೆ.

ಇನ್ನೊಂದು ಉಳಿದಿದೆ. ಟೆಸ್ಟ್ ಟ್ಯೂಬು ಹೊರಗೆ ಹೋಗಿಲ್ಲ ಎಂದು ಬರೆದದ್ದು ನಿಜ. ಬಾಟಲಿ ಹೋಗಿದೆ. ನಿಮ್ಮ ಹನ್ನೆರಡನೆಯದು ಒಡೆದಿಲ್ಲ. ಮೇಡಂ ಭಾಷಣ ಮಾಡುವಾಗ ಅದು ನನ್ನ ಚೀಲದಲ್ಲಿತ್ತು. ಅಷ್ಟು ವರ್ಷ ತೊಳೆದ ಮೇಲೆ ಒಂದಾದರೂ ಕಣ್ಣ ಮುಂದೆ ಇರಲಿ ಅನಿಸಿತು. ಅದೇ ಶಾಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ಶಕುಂತಲಾ ಎರಡು ಸಲ ಪಾತ್ರೆ ಉಜ್ಜುವ ಸಬೀನ ಪುಡಿ ಹಚ್ಚಲು ತೆಗೆದುಕೊಂಡಳು, ಕಿತ್ತುಕೊಂಡೆ. ನನ್ನ ಕೈಯಲ್ಲಿ ಕೊನೆಯ ಸಲ ಏಳು ನೀರು ಕಂಡ ಮೇಲೆ ಅದು ಯಾವ ಸೋಪನ್ನೂ ಕಂಡಿಲ್ಲ. ನಿಮಗೆ ಉಪಯೋಗಕ್ಕೆ ಬರಬಹುದು.

ಒಂದು ಬೇಡಿಕೆ. ಯಾರಿಗೂ ನನ್ನ ಹೆಸರು ಹೇಳಬೇಡಿ.

ಬೈರಯ್ಯ

*

ಚಾಮರಾಜಪೇಟೆ
26 ಆಗಸ್ಟ್ 2025

ಬೈರಣ್ಣ,

ನಿನ್ನೆ ಮಧ್ಯಾಹ್ನ ಯಶೋಧರಾ ಬಂದರು. ನಾನು ಕಾಗದವನ್ನು ಕ್ಯಾಂಟೀನಿನ ಹಿಂದೆ ನಿಂತು ಓದಿದೆ. ಓದಿ ಮುಗಿಸಿ ಗಂಟು ಬಿಚ್ಚಿದ ಮೇಲೆ ಅವರು, "ಅಪ್ಪ ಏನೋ ಕದ್ದಿದಾರೆ ಅಂತ ಅಮ್ಮ ಅಂತಿದ್ರು, ಇಷ್ಟೇನಾ" ಎಂದು ಕೇಳಿದರು. ಇಬ್ಬರೂ ನಕ್ಕೆವು. ನನಗೆ ನಗು ಬಂದು ಬಹಳ ದಿನವಾಗಿತ್ತು.

ಇವತ್ತು ಬೆಳಿಗ್ಗೆ ಪರೀಕ್ಷೆ ಮಾಡಿದೆ. ಮುನಿಯಕ್ಕ ತೊಳೆದ ಹನ್ನೊಂದು ಬಾಟಲಿಗಳಿಗೂ ನಿಮ್ಮ ಒಂದಕ್ಕೂ ಸ್ವಲ್ಪ ಡಿಸ್ಟಿಲ್ಡ್ ನೀರು ಹಾಕಿ ಕುಲುಕಿ, ಆ ನೀರಿಗೆ ಫಾಸ್ಫೇಟ್ ಇದ್ದರೆ ನೀಲಿಯಾಗುವ ಮಾಲಿಬ್ಡೇಟ್ ದ್ರಾವಣ ಬೆರೆಸಿದೆ. ಹತ್ತು ನಿಮಿಷ ಕಾಯಬೇಕು. ಆತ್ರೇಯ ಪಕ್ಕದಲ್ಲಿ ನಿಂತಿದ್ದ. ಹನ್ನೊಂದೂ ನೀಲಿಯಾದವು, ಕೆಲವು ತಿಳಿ, ಕೆಲವು ದಟ್ಟ. ಹನ್ನೆರಡನೆಯದು ನೀರಿನಂತೆಯೇ ಉಳಿಯಿತು. ಆತ್ರೇಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ಎಲ್ಲಿತ್ತು ಅಕ್ಕ?" ಎಂದ. ಬೀರುವಿನಲ್ಲಿ ಎಂದೆ.

ಅಂದರೆ ಇಷ್ಟು ದಿನ ನಾನು ಫಾಸ್ಫೇಟ್ ಕಡಿಮೆ ಮಾಡಿದ್ದೇನೆ ಎಂದುಕೊಂಡ ನೀರಿಗೆ ಬಾಟಲಿಯೇ ಫಾಸ್ಫೇಟ್ ಕೊಡುತ್ತಿತ್ತು. ಬ್ಯಾಕ್ಟೀರಿಯಾಕ್ಕೆ ಕೊರತೆಯೇ ಗೊತ್ತಾಗಲಿಲ್ಲ. ನಿಮ್ಮ ಮಾತಿನಲ್ಲಿ ಹೇಳುವುದಾದರೆ, ಮನೆಯಲ್ಲಿ ಹಾಲು ಇತ್ತು, ಅವು ಕರಿ ಕಾಫಿ ಏಕೆ ಕುಡಿಯಬೇಕು.

ನಾಳೆ ಗಣೇಶನ ಹಬ್ಬ, ಲ್ಯಾಬಿಗೆ ರಜೆ. ಮಾಮೂಲ್‌ಪೇಟೆಗೆ ಹೋಗಿ ಮುಚ್ಚಳವಿರುವ ಪ್ಲಾಸ್ಟಿಕ್ ತೊಟ್ಟಿಯನ್ನೂ ಒಂದು ಉಂಡೆ ಕೆಂಪು ದಾರವನ್ನೂ ಇವತ್ತು ಸಂಜೆಯೇ ತಂದೆ. ಗುರುವಾರ ಬಾಟಲಿಗಳನ್ನು ನಾನೇ ನೆನೆಸುತ್ತೇನೆ, ಕೈಗವಸು ಹಾಕಿಕೊಂಡು, ಹೊಗೆ ಎಳೆಯುವ ಕಪಾಟಿನ ಒಳಗೆ.

ಆದರೆ ಬ್ಯಾಕ್ಟೀರಿಯಾ ಕೊಬ್ಬು ಬದಲಾಯಿಸುವುದನ್ನು ಇನ್ನೂ ತೋರಿಸಿಲ್ಲ. ಬಾಟಲಿ ನೀಲಿಯಾಗಿದ್ದರಿಂದ ನಾನು ನವೆಂಬರಿನಲ್ಲಿ ಸತ್ಯ ಹೇಳಿದ್ದೆ ಎಂದು ಆಗುವುದಿಲ್ಲ. ಆಗಿನ ಬಾಟಲಿಗಳು ಬೇರೆ ಥರ ತೊಳೆದವು ಎಂದು ನಾನು ಹೇಳಿದರೆ ಸಮಿತಿ, ಯಾರು ತೊಳೆದರು, ಯಾರು ಹೇಳಿದರು ಎಂದು ಕೇಳುತ್ತದೆ. ಆಗ ನಾನು ಏನು ಹೇಳಲಿ? ನಿಮ್ಮ ಒಪ್ಪಿಗೆ ಇಲ್ಲದೆ ಹೆಸರು ಹೇಳುವುದಿಲ್ಲ, ಅದು ನನ್ನ ಮಾತು. ಹೆಸರು ಎತ್ತದೆ ಸಮಿತಿಯನ್ನು ಎಷ್ಟು ಒಪ್ಪಿಸಬಹುದೋ ಅಷ್ಟು ಒಪ್ಪಿಸುತ್ತೇನೆ.

ತನ್ಮಯಿ

*

ಕೊಳ್ಳೇಗಾಲ
1 ಸೆಪ್ಟೆಂಬರ್ 2025

ತನ್ಮಯಮ್ಮ,

ನಿಮ್ಮ ಕಾಗದವನ್ನು ಶಕುಂತಲಾಗೆ ಓದಿದೆ. ಹೆಸರಿನ ಮಾತು ಬಂದ ಕಡೆ ಓದದೆ ಮುಂದಕ್ಕೆ ಹೋದೆ. ಅವಳು ತಡೆದು, ಏನೋ ಬಿಟ್ಟಿರಿ ಎಂದಳು. ಮೂವತ್ತು ವರ್ಷ ಪೇಪರು ಓದಿ ಹೇಳಿದ್ದೇನಲ್ಲ, ಎಲ್ಲಿ ಹಾರಿಸುತ್ತೇನೆ ಎಂದು ಗೊತ್ತು. ಓದಬೇಕಾಯಿತು. ಅವಳು ಮಗುವಿಗೆ ಅನ್ನ ಕಲೆಸುತ್ತಾ ಕೂತಿದ್ದವಳು ತಲೆ ಎತ್ತದೆ ಹೇಳಿದಳು, "ನಿಮ್ಮ ಶಾಲು ಬೀರುವಲ್ಲಿ ಮಡಚಿಟ್ಟಿದೆ, ಯಾರೂ ಕಿತ್ಕೊಳಲ್ಲ. ಆ ಹುಡುಗಿ ನಾಲ್ಕು ವರ್ಷ ಓದಿದ್ದನ್ನ ಕಿತ್ಕೊತಾರೆ."

ಎದ್ದು ಹೋಗಿ ಹಾಳೆಯೂ ಪೆನ್ನೂ ತಂದೆ.

ಇದರ ಜೊತೆ ಬೇರೆ ಹಾಳೆಯಲ್ಲಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಹೇಗೆ ತೊಳೆದೆ ಎಂದು ಬರೆದು ಸಹಿ ಹಾಕಿದ್ದೇನೆ. ಆದೇಶ ಮುರಿದದ್ದನ್ನೂ ಬಾಟಲಿ ತಂದದ್ದನ್ನೂ ಬರೆದಿದ್ದೇನೆ. ಅದನ್ನು ಮಹಾನಂದ ಮೇಡಂ ಕೈಗೇ ಕೊಡಿ, ನಾನೇ ಕೊಟ್ಟದ್ದು ಎಂದು ಹೇಳಿ.

ಮುನಿಯಕ್ಕನವರ ಮೇಲೆ ಯಾರೂ ಮಾತು ಹೊರಿಸಬಾರದು. ಅವರು ಆದೇಶದ ಪ್ರಕಾರ ತೊಳೆದಿದ್ದಾರೆ, ತೊಳೆಯದೆ ಹೋದವನು ನಾನು. ಅವರಿಗೆ ಒಂದು ಮಾತು ಹೇಳಿ: ಏಳನೇ ನೀರು ಚೆಲ್ಲುವಾಗ ಬಾಟಲಿಯನ್ನು ಬೋರಲು ಹಿಡಿದು ನೋಡಬೇಕು. ನೀರು ಒಂದೇ ಹಾಳೆಯ ಹಾಗೆ ಇಳಿದರೆ ಶುದ್ಧ. ಅಲ್ಲಲ್ಲಿ ಹನಿ ನಿಂತರೆ ಇನ್ನೂ ಏನೋ ಅಂಟಿದೆ ಎಂದು.

ಸೆಪ್ಟೆಂಬರ್ 22ರ ತನಕ ನನಗೆ ಪೇಪರು ಓದಿದರೂ ತಲೆಗೆ ಹೋಗದು.

ಬೈರಯ್ಯ

*

ಚಾಮರಾಜಪೇಟೆ
23 ಸೆಪ್ಟೆಂಬರ್ 2025

ಬೈರಣ್ಣ,

ಬಂತು. ಮೊದಲು ಅಷ್ಟು ಓದಿ, ಶಕುಂತಲಮ್ಮನವರಿಗೂ ಹೇಳಿ, ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಹಾಳೆಯನ್ನು 4ನೇ ತಾರೀಖು ಮೇಡಂಗೆ ಕೊಟ್ಟೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಮೊದಲಿನಿಂದ ಓದಿದರು. ನಾನು ನಿಂತೇ ಇದ್ದೆ. ಕೊನೆಗೆ, ಇದನ್ನು ಆರು ತಿಂಗಳ ಮೊದಲು ಹೇಳಿದ್ದರೆ ಒಂಬತ್ತು ಪ್ರಯೋಗ ಉಳಿಯುತ್ತಿತ್ತು ಎಂದರು. ಆಮೇಲೆ, ಆ ಆದೇಶ ಬರೆಯುವ ಮೊದಲು ತಾನೂ ಬೈರಯ್ಯನವರನ್ನು ಒಂದು ಮಾತು ಕೇಳಬಹುದಿತ್ತು ಎಂದರು. ಬಾಟಲಿಯ ವಿಷಯ ಬಂದಾಗ ಮಾತ್ರ ಮುಖ ತಿರುಗಿಸಿಕೊಂಡರು. ನಕ್ಕರೋ ಏನೋ ಕಾಣಲಿಲ್ಲ.

ಮೇಡಂ ಒಂದು ಷರತ್ತು ಹಾಕಿದರು. ಯಾವ ಬಾಟಲಿ ಯಾವ ಥರ ತೊಳೆದದ್ದು ಎಂದು ನನಗೂ ಗೊತ್ತಿರಬಾರದು, ಆತ್ರೇಯನಿಗೂ ಗೊತ್ತಿರಬಾರದು. ಆರು ಬಾಟಲಿ ಪುಡಿಯಲ್ಲಿ, ಐದು ಆಸಿಡ್ಡಿನಲ್ಲಿ, ಜೊತೆಗೆ ನಿಮ್ಮ ಹನ್ನೆರಡನೆಯದು. ಆಸಿಡ್ಡಿನವಕ್ಕೆ ನಾನು ಕಟ್ಟಿದ್ದ ದಾರ ಬಿಚ್ಚಿ, ಎಲ್ಲವಕ್ಕೂ ನಂಬರ್ ಅಂಟಿಸಿದವರು ಮುನಿಯಕ್ಕ. ಪಟ್ಟಿಯನ್ನು ಬರೆದು ತಮ್ಮ ಊಟದ ಬುಟ್ಟಿಯಲ್ಲಿ ಇಟ್ಟುಕೊಂಡು ಹನ್ನೆರಡು ದಿನವೂ ಮನೆಗೆ ಒಯ್ದು ವಾಪಸ್ ತಂದರು. ನಾನು ಎಷ್ಟು ಗೋಗರೆದರೂ, "ಹೋಗಮ್ಮ, ಲಾಡ್ಜಲ್ಲಿ ಎಷ್ಟು ಜನರ ಗುಟ್ಟು ಇಟ್ಕೊಂಡಿದೀನಿ, ಇದೊಂದು ದೊಡ್ಡದಾ" ಎಂದರು.

ಭಾನುವಾರ ಆತ್ರೇಯ ಕೊಬ್ಬು ತೆಗೆದ, ಪ್ಲೇಟು ಹರಿಸಿದ. ಬಣ್ಣ ಬರಿಸಲು ಅಯೋಡಿನ್ ಜಾಡಿಯೊಳಗೆ ಇಟ್ಟೆವು. ಹನ್ನೆರಡು ಸಾಲು. ನಾನು ನೋಡದೆ ಕಿಟಕಿಯ ಕಡೆ ನಿಂತಿದ್ದೆ. "ಅಕ್ಕ, ಬನ್ನಿ" ಎಂದ. ಆರು ಸಾಲು ಎಂದಿನ ಹಾಗೆ ಇದ್ದವು. ಇನ್ನಾರರಲ್ಲಿ ಹಳೆಯ ಚುಕ್ಕೆಗಳು ಮಾಸಿ, ನವೆಂಬರಿನಲ್ಲಿ ಎಲ್ಲಿದ್ದವೋ ಅದೇ ಎತ್ತರದಲ್ಲಿ ಎರಡು ಹೊಸ ಚುಕ್ಕೆ ನಿಂತಿದ್ದವು. ಮುನಿಯಕ್ಕ ಬುಟ್ಟಿಯಿಂದ ಪಟ್ಟಿ ತೆಗೆದು ಓದಿದರು. ಒಂದೂ ತಪ್ಪಿಲ್ಲ. ಅತ್ಯಂತ ಸ್ಪಷ್ಟವಾಗಿದ್ದ ಸಾಲು ಹನ್ನೆರಡನೆಯ ಬಾಟಲಿಯದು. ಆತ್ರೇಯ ತಾನೇ ಮುಂದಾಗಿ ಪಕ್ಕದ ಲ್ಯಾಬಿಗೆ ಪ್ಲೇಟನ್ನೇ ಹಿಡಿದುಕೊಂಡು ಹೋಗಿ, ಫೋಟೋ ಅಲ್ಲ, ಇದು ಪ್ಲೇಟು, ಮುಟ್ಟಿ ನೋಡಿ ಎಂದು ತೋರಿಸಿ ಬಂದ.

ನಿನ್ನೆ ಸಮಿತಿ ಅರ್ಧ ಗಂಟೆಯಲ್ಲಿ ಮುಗಿಯಿತು. ಮೈಸೂರಿನಲ್ಲಿ ಹೇಳಿದ್ದು ಹಾಗೆಯೇ ನಿಲ್ಲುತ್ತದೆ. ಈಗ ನಿಜವಾಗಿಯೂ ವಿಧಾನದ ಅಧ್ಯಾಯ ಬರೆಯುತ್ತಿದ್ದೇನೆ. ಅದರಲ್ಲಿ, ಗಾಜನ್ನು ಕೆ. ಬೈರಯ್ಯನವರ ಕ್ರಮದಂತೆ ತೊಳೆಯಲಾಯಿತು ಎಂದು ಇರುತ್ತದೆ. ಹಳೆಯ ಆದೇಶವನ್ನೂ ಮೇಡಂ ತಿದ್ದಿದ್ದಾರೆ. ಆಸಿಡ್ ಕೆಲಸ ಕಪಾಟಿನೊಳಗೆ, ಕೈಗವಸು ಮತ್ತು ಕನ್ನಡಕದೊಂದಿಗೆ, ತರಬೇತಿ ಪಡೆದ ಸಹಾಯಕರಿಂದ. ಮೊದಲ ತರಬೇತಿ ಮುನಿಯಕ್ಕನವರಿಗೆ ಆಯಿತು. ನೀರು ಹಾಳೆಯ ಹಾಗೆ ಇಳಿಯುವುದನ್ನು ಅವರು ಎಲ್ಲರನ್ನೂ ಕರೆದು ತೋರಿಸುತ್ತಿದ್ದಾರೆ. ಬಾಟಲಿಗಳಿಗೆ ದಾರ ಮತ್ತೆ ಕಟ್ಟಿದವರೂ ಅವರೇ.

ಮನೆಯಲ್ಲಿ ನಿನ್ನೆ ಎಲ್ಲ ಹೇಳಿದೆ. ಅಮ್ಮ ಮೊದಲು ಬೈದರು, ಆಮೇಲೆ ಊಟಕ್ಕೆ ಹಾಕಿದರು. ಎಂಟು ಗಂಟೆ ನಿದ್ದೆ ಮಾಡಿದೆ.

ಹನ್ನೆರಡನೆಯ ಬಾಟಲಿಯನ್ನು ಪಾರ್ಸೆಲ್ ಮಾಡಿದ್ದೇನೆ. ದಾಸ್ತಾನು ಪುಸ್ತಕದಲ್ಲಿ ಮೇಡಂ ತಮ್ಮ ಕೈಯಾರೆ, ಬೈರಯ್ಯನವರಿಗೆ ನೆನಪಿನ ಕಾಣಿಕೆಯಾಗಿ ಕೊಡಲಾಗಿದೆ ಎಂದು ಬರೆದು ಸಹಿ ಹಾಕಿದ್ದಾರೆ. ಇನ್ನು ಅದು ನಿಮ್ಮದು.

ತನ್ಮಯಿ

*

ಕೊಳ್ಳೇಗಾಲ
5 ಅಕ್ಟೋಬರ್ 2025

ತನ್ಮಯಮ್ಮ,

ನಿಮ್ಮ ಕಾಗದ ಮೊದಲು ಬಂತು, ಪಾರ್ಸೆಲ್ ಹಬ್ಬದ ರಜೆ ಕಳೆದು ನಿನ್ನೆ ಬಂತು. ನೀವು ಹೇಳಿದ ಹಾಗೆ ಒಂದು ಪದ ಓದಿ, ಅಡಿಗೆಮನೆಗೆ ಹೋಗಿ ಹೇಳಿ, ವಾಪಸ್ ಬಂದು ಕೂತು ಉಳಿದದ್ದು ಓದಿದೆ. ಆ ಪ್ಲೇಟಿನ ಫೋಟೋವನ್ನು ಬಾಟಲಿಯೊಳಗೆ ಸುರುಳಿ ಮಾಡಿ ಇಟ್ಟಿದ್ದು ಒಳ್ಳೆಯದಾಯಿತು. ಮೊಮ್ಮಗಳು ಚುಕ್ಕೆಗಳನ್ನು ಎಣಿಸುತ್ತಾಳೆ, ಒಂದೊಂದು ಸಲ ಒಂದೊಂದು ಲೆಕ್ಕ.

ಮೇಡಂ ಹೇಳಿದ್ದು ಸರಿ, ನಾನು ಮೊದಲೇ ಹೇಳಬೇಕಿತ್ತು. ಅವರಿಗೆ ಬೇರೆ ಕಾಗದ ಬರೆದಿದ್ದೇನೆ. ನನ್ನ ಕ್ರಮ ಎಂದು ಅಚ್ಚಾಗುವ ಕಡೆ ರಾಮಾನುಜ ಸರ್ ಹೆಸರನ್ನೂ ಸೇರಿಸಿ. ಕಲಿಸಿದವರು ಅವರು, ನಾನು ಬರೀ ಬಿಡದೆ ಮಾಡಿದವನು.

ನಿನ್ನೆ ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದೆ, ಹಾಲು ಹಾಕಿದ್ದೇ. ಶಕುಂತಲಾ ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಿದ್ದಳು. ನೋಡಿದರೆ ಅವಳ ಕೈಯಲ್ಲಿ ಹನ್ನೆರಡನೆಯ ಬಾಟಲಿ, ಪಕ್ಕದಲ್ಲಿ ಸಬೀನದ ಡಬ್ಬಿ. ಎದ್ದೆ. ನನ್ನ ಮುಖ ನೋಡಿ ಅವಳು ಕೈ ನಿಲ್ಲಿಸಿ, "ಇದು ಈಗ ನಮ್ಮದಲ್ವಾ?" ಎಂದು ಕೇಳಿದಳು. ಹೌದು ಎಂದು ಕೂತುಕೊಂಡೆ.

ಚೆನ್ನಾಗಿ ಉಜ್ಜಿ, ಕೊಳಾಯಿಯ ಕೆಳಗೆ ಒಂದೇ ನೀರು ಜಾಲಿಸಿದಳು. ಅದರಲ್ಲಿ ಮನಿ ಪ್ಲಾಂಟ್ ಕಡ್ಡಿ ಇಟ್ಟು ಬೆಳಕು ಬೀಳುವ ಕಿಟಕಿಯಲ್ಲಿ ನಿಲ್ಲಿಸಿದ್ದಾಳೆ. ಇನ್ನು ಫಾಸ್ಫೇಟ್ ಸ್ವಲ್ಪ ಉಳಿದಿದ್ದರೆ ಉಳಿಯಲಿ, ಗಿಡಕ್ಕೆ ಒಳ್ಳೆಯದೇ.

ಬೈರಯ್ಯ